ಮೊದಲು ತುಂಬೋ ಬಾಯಿ, ಆಮೇಲೆ ಬಿಡೋ ಬಾಯಿ: ಮನೆಯಂಗಳದಲ್ಲಿ ಗೇರ್‌ಬಾಕ್ಸ್, ಡಿಫರೆನ್ಷಿಯಲ್ ಆಯಿಲ್ ಬದಲಾವಣೆ

ನಮ್ಮ ಕನ್ನಡ ಬಳಗದ ಪತ್ರಿಕೆಗೆ ಕಥೆ, ಕವನ ಬರೆಯುವವರಿಗೆ ಕೊರತೆ ಇಲ್ಲ. ಮೆಕ್ಯಾನಿಕಲ್ ವಿಭಾಗದ ನಾವು ನಾಲ್ಕು ಮಂದಿಗೆ ಅವೆರಡೂ ಬರಲ್ಲ. ಹಾಗಾಗಿ ಈ ಸಲ ನಾವು ಕೈಯಾರೆ ಮಾಡಿದ ಒಂದು ಕೆಲಸದ ಬಗ್ಗೆ ಬರೀತಿದ್ದೀವಿ. ಮಾಡುವಾಗ ಒಂದು ದೊಡ್ಡ ತಪ್ಪೂ ಮಾಡಿದೆವು. ಅದನ್ನೂ ಮುಚ್ಚಿಡದೆ ಹೇಳ್ತೀವಿ, ಯಾಕಂದ್ರೆ ಆ ತಪ್ಪು ನೀವು ಮಾಡಬಾರದು.

ನಮ್ಮಲ್ಲೊಬ್ಬನ ಮನೆ ಹುಮನಾಬಾದದಲ್ಲಿದೆ. ಅವನ ಅಪ್ಪನನ್ನು ನಾವೆಲ್ಲ ಕಾಕಾ ಅಂತೀವಿ. ಕಾಕಾರ ಹತ್ತಿರ ಒಂದು ಹಳೇ ಬೊಲೆರೊ ಇದೆ. ಮದುವೆ ಬಾಡಿಗೆ, ಆಸ್ಪತ್ರೆ ಬಾಡಿಗೆ, ಜಾತ್ರೆ ಬಾಡಿಗೆ ಎಲ್ಲದಕ್ಕೂ ಅದೇ ಗಾಡಿ. ಮನೆ ನಡೆಯುವುದೂ ನಮ್ಮ ಗೆಳೆಯನ ಫೀಸು ಹೋಗುವುದೂ ಅದರಿಂದಲೇ. ಒಂದು ದಿನ ಕಾಕಾ ನಮ್ಮನ್ನು ಕಲ್ಯಾಣಕ್ಕೆ ಬಿಡಲು ಬಂದಾಗ, ಗಾಡಿ ಅರವತ್ತರ ವೇಗ ದಾಟಿದ ಕೂಡಲೇ ಹಿಂದಿನಿಂದ ‘ಊಂ...’ ಅಂತ ಒಂದು ಸಣ್ಣ ಸದ್ದು ಬಂತು. ಆಕ್ಸಿಲರೇಟರ್ ಬಿಟ್ಟರೆ ಸದ್ದು ಬದಲಾಗ್ತಿತ್ತು.

“ಕಾಕಾ, ಹಿಂದಿನ ಹೌಸಿಂಗ್ ಆಯಿಲ್ ಯಾವಾಗ ಬದಲಿ ಮಾಡ್ಸೀರಿ?” ಅಂತ ಕೇಳಿದೆವು.

“ಎಂಜಿನ್ ಆಯಿಲ್ ಟೈಮಿಗಿ ಸರಿಯಾಗಿ ಬದಲಿ ಮಾಡ್ಸ್ತೀನಿ ನೋಡ್ರಿ. ಹಿಂದಿಂದು ಯಾರ್ ನೋಡ್ತಾರ? ಅದಕ್ಕೇನ್ ಆಗ್ತದ?” ಅಂದರು.

ಎಂಜಿನ್ ಆಯಿಲ್ ಎಲ್ಲರಿಗೂ ನೆನಪಿರುತ್ತೆ. ಗೇರ್‌ಬಾಕ್ಸ್ ಮತ್ತು ಡಿಫರೆನ್ಷಿಯಲ್ ಒಳಗೂ ಆಯಿಲ್ ಇದೆ, ಅದಕ್ಕೂ ವಯಸ್ಸಾಗುತ್ತೆ ಅನ್ನೋದು ಸದ್ದು ಬರೋವರೆಗೂ ಯಾರಿಗೂ ನೆನಪಾಗಲ್ಲ. ಬರುವ ಭಾನುವಾರ ನಾವೇ ಬದಲಿಸ್ತೀವಿ ಅಂತ ಹೇಳಿದೆವು. ಕಾಕಾ ಒಪ್ಪಿದರು, ಆದರೆ ಒಂದು ಮಾತು ಹೇಳಿದರು: “ಸೋಮವಾರ ಮುಂಜಾನಿ ಆರಕ್ಕ ಒಬ್ಬ ಪೇಷಂಟಿಗಿ ಸೋಲಾಪುರಕ್ಕ ಕರ್ಕೊಂಡ್ ಹೋಗಾದದ. ಅಷ್ಟೊತ್ತಿಗಿ ಗಾಡಿ ರೆಡಿ ಇರ್ಬೇಕು ನೋಡ್ರಪಾ.”

ಒಳಗೆ ಏನಿದೆ?

ಬೊಲೆರೊ ಹಿಂದಿನ ಚಕ್ರದಿಂದ ಓಡುವ ಗಾಡಿ. ಎಂಜಿನ್ ಮುಂದೆ, ಅದರ ಬೆನ್ನಿಗೆ ಗೇರ್‌ಬಾಕ್ಸ್, ಅಲ್ಲಿಂದ ಉದ್ದದ ಪ್ರೊಪೆಲ್ಲರ್ ಶಾಫ್ಟ್, ಅದರ ತುದಿಗೆ ಹಿಂದಿನ ಆಕ್ಸಲ್ ನಡುವೆ ಗುಂಡಗೆ ಉಬ್ಬಿದ ಡಿಫರೆನ್ಷಿಯಲ್. ನಮ್ಮ ಕಡೆ ಮಿಸ್ತ್ರಿಗಳು ಅದಕ್ಕೆ ‘ಹೌಸಿಂಗ್’ ಅಂತಾರೆ. ಮಾರುತಿ ಓಮ್ನಿ, ಟಾಟಾ ಸುಮೊ, ಹಳೇ ಅಂಬಾಸಿಡರ್ ಇವೂ ಇದೇ ಜಾತಿಯವು. ಸ್ವಿಫ್ಟ್, ಆಲ್ಟೊದಂಥ ಮುಂದಿನ ಚಕ್ರದ ಕಾರುಗಳಲ್ಲಿ ಗೇರ್‌ಬಾಕ್ಸ್ ಮತ್ತು ಡಿಫರೆನ್ಷಿಯಲ್ ಒಂದೇ ಪೆಟ್ಟಿಗೆಯಲ್ಲಿರುತ್ತವೆ. ಎರಡಕ್ಕೂ ಒಂದೇ ಆಯಿಲ್. ಬೊಲೆರೊದಲ್ಲಿ ಪೆಟ್ಟಿಗೆಯೂ ಬೇರೆ, ಆಯಿಲೂ ಬೇರೆ.

ಡಿಫರೆನ್ಷಿಯಲ್ ಎರಡು ಕೆಲಸ ಮಾಡುತ್ತೆ. ಒಂದು, ಶಾಫ್ಟ್‌ನ ಸುತ್ತಾಟವನ್ನು 90 ಡಿಗ್ರಿ ತಿರುಗಿಸಿ ಚಕ್ರಕ್ಕೆ ಕೊಡೋದು. ಚಿಕ್ಕ ಪಿನಿಯನ್ ದೊಡ್ಡ ಕ್ರೌನ್ ಗೇರನ್ನು ಸುತ್ತಿಸುತ್ತೆ. ಇಂಥ ಗಾಡಿಗಳಲ್ಲಿ ಪಿನಿಯನ್ ಸಾಮಾನ್ಯವಾಗಿ 4 ಸುತ್ತಿನ ಆಸುಪಾಸು ಸುತ್ತಿದರೆ ಕ್ರೌನ್ ಒಂದು ಸುತ್ತು. ವೇಗ ಇಳಿಯುತ್ತೆ, ಟಾರ್ಕ್ ಸುಮಾರು ಅಷ್ಟೇ ಪಟ್ಟು ಏರುತ್ತೆ. ಅಂದರೆ ಇಡೀ ಗಾಡಿಯನ್ನು ತಳ್ಳುವ ಬಲ ಕೆಲವೇ ಹಲ್ಲುಗಳ ಮೇಲೆ ಬೀಳುತ್ತೆ.

ಎರಡನೇ ಕೆಲಸ ತಿರುವಿನಲ್ಲಿ. ಹಿಂದಿನ ಎರಡು ಚಕ್ರಗಳ ನಡುವಿನ ಅಂತರ 1.4 ಮೀಟರ್ ಅಂದ್ಕೊಳ್ಳಿ. ಗಾಡಿ ಒಂದು ಪೂರ್ತಿ ಸುತ್ತು ಹಾಕಿದರೆ ಹೊರಗಿನ ಚಕ್ರ ಒಳಗಿನ ಚಕ್ರಕ್ಕಿಂತ 2π ಗುಣಿಸು 1.4, ಅಂದರೆ ಸುಮಾರು 8.8 ಮೀಟರ್ ಹೆಚ್ಚು ಓಡಬೇಕು. ಸುತ್ತು ದೊಡ್ಡದಿರಲಿ ಚಿಕ್ಕದಿರಲಿ ಈ ವ್ಯತ್ಯಾಸ ಅಷ್ಟೇ. ಬೇಕಿದ್ದರೆ ಲೆಕ್ಕ ಹಾಕಿ ನೋಡಿ. ಎರಡೂ ಚಕ್ರ ಒಂದೇ ಸರಳಿಗೆ ಬಿಗಿದಿದ್ದರೆ ಟೈರ್ ಒಂದು ಕಡೆ ಉಜ್ಜಲೇಬೇಕು. ಒಳಗಿರುವ ಸಣ್ಣ ಸ್ಪೈಡರ್ ಗೇರ್‌ಗಳು ಆ ವ್ಯತ್ಯಾಸವನ್ನು ಹಂಚಿಕೊಡುತ್ತವೆ.

ಇಂಥ ಗಾಡಿಗಳಲ್ಲಿ ಕ್ರೌನ್ ಮತ್ತು ಪಿನಿಯನ್ ಸಾಮಾನ್ಯವಾಗಿ ಹೈಪಾಯ್ಡ್ ಮಾದರಿಯವು. ಅಂದರೆ ಪಿನಿಯನ್‌ನ ಅಕ್ಷ ಕ್ರೌನ್‌ನ ನಡುಮಧ್ಯಕ್ಕೆ ಸೇರದೆ ಸ್ವಲ್ಪ ಕೆಳಗಿರುತ್ತೆ. ಇದರಿಂದ ಶಾಫ್ಟ್ ಕೆಳಗೆ ಕೂರುತ್ತೆ, ಸದ್ದು ಕಡಿಮೆ, ಹಲ್ಲಿಗೆ ಬಲ ಹೆಚ್ಚು. ಆದರೆ ಹಲ್ಲಿನ ಮೇಲೆ ಹಲ್ಲು ಬರೀ ಉರುಳಲ್ಲ, ಉದ್ದಕ್ಕೂ ಜಾರುತ್ತೆ ಕೂಡ. ಭಾರೀ ಒತ್ತಡ, ಜೊತೆಗೆ ಜಾರುವಿಕೆ. ಇಲ್ಲಿ ಸಾದಾ ಆಯಿಲ್‌ನ ಪದರ ಹರಿದು ಲೋಹಕ್ಕೆ ಲೋಹ ತಾಗುತ್ತೆ.

ಇನ್ನೊಂದು ವಿಷಯ ಗಮನಿಸಿ. ಎಂಜಿನ್‌ನಲ್ಲಿ ಆಯಿಲ್ ಪಂಪ್ ಇದೆ, ಫಿಲ್ಟರ್ ಇದೆ. ಇಲ್ಲಿ ಎರಡೂ ಇಲ್ಲ. ಕ್ರೌನ್ ಗೇರ್ ತಳದ ಆಯಿಲ್‌ನಲ್ಲಿ ಮುಳುಗಿ ಎದ್ದು ಎಲ್ಲಾ ಕಡೆ ಎರಚುತ್ತೆ, ಅಷ್ಟೇ. ಸವೆದ ಲೋಹದ ಪುಡಿ ಆಯಿಲ್‌ನಲ್ಲೇ ಉಳಿಯುತ್ತೆ. ಮಟ್ಟ ಇಳಿದರೆ ಎರಚೋದೂ ಕಡಿಮೆಯಾಗುತ್ತೆ.

‘ನೈಂಟಿ ನಂಬರ್’ ಅಂದ್ರೆ ಸಾಕಾಗಲ್ಲ

ಶನಿವಾರ ಸಂಜೆ ಗೆಳೆಯ ಅಂಗಡಿಗೆ ಹೋಗಿ ಗೇರ್‌ಬಾಕ್ಸ್‌ಗೂ ಹೌಸಿಂಗ್‌ಗೂ ಆಯಿಲ್ ಕೊಡಿ ಅಂದ. ಎರಡಕ್ಕೂ ಒಂದೇ ಡಬ್ಬ ಬಂತು. “ನೈಂಟಿ ನಂಬರ್ ಆಯಿಲ್, ಎಲ್ಲಾದಕ್ಕೂ ನಡೀತದ” ಅಂದರಂತೆ. ಹಾಸ್ಟೆಲ್‌ನಲ್ಲಿ ಕೂತು ಅವನು ಕಳಿಸಿದ ಡಬ್ಬದ ಫೋಟೊ ದೊಡ್ಡದು ಮಾಡಿ ಓದಿದೆವು. ಜಿಎಲ್-5 ಅಂತ ಮಾತ್ರ ಇತ್ತು. ಗಾಡಿಯ ಪುಸ್ತಕದಲ್ಲಿ ಹಿಂದಿನ ಆಕ್ಸಲ್‌ಗೆ ಜಿಎಲ್-5, ಗೇರ್‌ಬಾಕ್ಸ್‌ಗೆ ಜಿಎಲ್-4 ಅಂತ ಇತ್ತು. ಅರ್ಧದಷ್ಟು ಡಬ್ಬ ವಾಪಸ್ ಕೊಟ್ಟು ಬೇರೆ ತಂದ.

ವ್ಯತ್ಯಾಸ ಏನು? ‘90’ ಅನ್ನೋದು ಆಯಿಲ್ ಎಷ್ಟು ಮಂದ ಅನ್ನೋದನ್ನು ಮಾತ್ರ ಹೇಳುತ್ತೆ. ಅದರೊಳಗೆ ಯಾವ ರಾಸಾಯನಿಕ ಇದೆ ಅನ್ನೋದನ್ನು ಹೇಳಲ್ಲ.

ಮೊದಲು ಮಂದದ ಮಾತು. ಗೇರ್ ಆಯಿಲ್‌ಗೆ ಎಸ್‌ಎಇ ಜೆ306 ಅನ್ನೋ ಅಳತೆ, ಎಂಜಿನ್ ಆಯಿಲ್‌ಗೆ ಜೆ300 ಅನ್ನೋ ಅಳತೆ. ಎರಡರ ಅಂಕಿಗಳನ್ನು ಹೋಲಿಸಬಾರದು. 100 ಡಿಗ್ರಿ ಸೆಲ್ಸಿಯಸ್‌ನಲ್ಲಿ 90 ನಂಬರ್ ಗೇರ್ ಆಯಿಲ್‌ನ ಸ್ನಿಗ್ಧತೆ 13.5ರಿಂದ 18.5 ಸೆಂಟಿಸ್ಟೋಕ್ಸ್. 40 ನಂಬರ್ ಎಂಜಿನ್ ಆಯಿಲ್‌ನದು 12.5ರಿಂದ 16.3. ನೋಡಿದ್ರಾ, 90 ಅಂದ್ರೆ 40ರ ಎರಡು ಪಟ್ಟು ಮಂದ ಅಲ್ಲ, ಹೆಚ್ಚು ಕಡಿಮೆ ಅದೇ. 140 ನಂಬರ್ ಮಾತ್ರ ನಿಜಕ್ಕೂ ಮಂದ. 80ಡಬ್ಲ್ಯೂ-90 ಅಂತ ಬರೆದಿದ್ದರೆ ‘ಡಬ್ಲ್ಯೂ’ ಜೊತೆಗಿನ ಅಂಕಿ ಚಳಿಗಾಲದ್ದು. 80ಡಬ್ಲ್ಯೂ ಆಯಿಲನ್ನು ಸೊನ್ನೆಗಿಂತ 26 ಡಿಗ್ರಿ ಕೆಳಗೆ ಪರೀಕ್ಷಿಸುತ್ತಾರೆ. ಬೀದರ್ ಜಿಲ್ಲೆಯಲ್ಲಿ ಆ ಚಳಿ ನಾವು ಕಾಣಲ್ಲ. ನಮಗೆ ಬೇಸಿಗೆಯ ನಲವತ್ತು ಡಿಗ್ರಿಯದ್ದೇ ಚಿಂತೆ. ಅದಕ್ಕೆ ಎರಡನೇ ಅಂಕಿ ಮುಖ್ಯ.

ಈಗ ರಾಸಾಯನಿಕದ ಮಾತು. ಹೈಪಾಯ್ಡ್ ಗೇರ್ ಉಳಿಸಲು ಆಯಿಲ್‌ಗೆ ಗಂಧಕ ಮತ್ತು ರಂಜಕದ ಸಂಯುಕ್ತಗಳನ್ನು ಸೇರಿಸುತ್ತಾರೆ. ಒತ್ತಡ, ಬಿಸಿ ಹೆಚ್ಚಾದ ಜಾಗದಲ್ಲಿ ಅವು ಉಕ್ಕಿನ ಜೊತೆ ಪ್ರತಿಕ್ರಿಯಿಸಿ ಹಲ್ಲಿನ ಮೇಲೆ ತೆಳುವಾದ ಪದರ ಕಟ್ಟುತ್ತವೆ. ಸವೆಯೋದು ಆ ಪದರ, ಹಲ್ಲು ಉಳಿಯುತ್ತೆ. ಜಿಎಲ್-5ರಲ್ಲಿ ಇಂಥ ಸೇರ್ಪಡೆ ಜಿಎಲ್-4ಕ್ಕಿಂತ ಸುಮಾರು ಎರಡು ಪಟ್ಟು. ಡಿಫರೆನ್ಷಿಯಲ್‌ಗೆ ಅದು ಬೇಕೇ ಬೇಕು.

ಹಾಗಾದ್ರೆ ಗೇರ್‌ಬಾಕ್ಸ್‌ಗೂ ಅದೇ ಹಾಕಿದರೆ ಇನ್ನೂ ಒಳ್ಳೇದಲ್ವಾ? ಅಲ್ಲ. ಗೇರ್‌ಬಾಕ್ಸ್‌ನಲ್ಲಿ ಸಿಂಕ್ರೊ ರಿಂಗ್‌ಗಳಿವೆ. ಅನೇಕ ಗಾಡಿಗಳಲ್ಲಿ ಅವು ಹಿತ್ತಾಳೆಯವು. ಬಿಸಿಯಲ್ಲಿ ಚುರುಕಾದ ಗಂಧಕ ತಾಮ್ರದ ಮಿಶ್ರಲೋಹವನ್ನು ತಿನ್ನುತ್ತೆ. ಇನ್ನೊಂದು ಕಾರಣವೂ ಇದೆ: ಸಿಂಕ್ರೊ ರಿಂಗ್ ಕೆಲಸ ಮಾಡೋದೇ ಘರ್ಷಣೆಯಿಂದ. ಗೇರನ್ನು ಸ್ವಲ್ಪ ಹಿಡಿದು ವೇಗ ಸಮ ಮಾಡಬೇಕು. ಆಯಿಲ್ ತೀರಾ ಜಾರಿದರೆ ಹಿಡಿತ ಸಿಗಲ್ಲ, ಗೇರ್ ಹಾಕುವಾಗ ಕರ್ ಅಂತ ಸದ್ದು ಬರುತ್ತೆ. ತಿರುಗಾಮುರುಗಾ ಮಾಡಿ ಡಿಫರೆನ್ಷಿಯಲ್‌ಗೆ ಜಿಎಲ್-4 ಹಾಕಿದರೆ ಇನ್ನೂ ಕೆಟ್ಟದು, ಹಲ್ಲೇ ಸವೆಯುತ್ತೆ.

ಎರಡಕ್ಕೂ ಆಗುತ್ತೆ ಅಂತ ಡಬ್ಬದ ಮೇಲೇ ಬರೆದಿರುವ ಆಯಿಲ್‌ಗಳೂ ಇವೆ. ಒಟ್ಟಿನಲ್ಲಿ ಪುಸ್ತಕದಲ್ಲಿ ಏನಿದೆಯೋ ಅದು ಡಬ್ಬದ ಮೇಲೂ ಇರಬೇಕು. ಬಾಯಿಮಾತಿನ ‘ನೈಂಟಿ ನಂಬರ್’ ನಂಬಬೇಡಿ. ಎಷ್ಟು ಲೀಟರ್, ಎಷ್ಟು ಕಿಲೋಮೀಟರ್‌ಗೊಮ್ಮೆ ಅನ್ನೋದೂ ಅದೇ ಪುಸ್ತಕದಲ್ಲಿದೆ. ಒಂದೇ ಹೆಸರಿನ ಗಾಡಿಯಾದರೂ ವರ್ಷಕ್ಕೆ ತಕ್ಕಂತೆ ಬದಲಾಗುತ್ತೆ, ಅದಕ್ಕೇ ಇಲ್ಲಿ ಅಂಕಿ ಕೊಡ್ತಿಲ್ಲ.

ತಯಾರಿ

ಭಾನುವಾರ ಬೆಳಗ್ಗೆ ಕಲ್ಯಾಣದಿಂದ ಬಸ್ ಹಿಡಿದು ಹುಮನಾಬಾದಕ್ಕೆ ಹೋದೆವು. ಜೋಡಿಸಿಕೊಂಡದ್ದು ಇಷ್ಟು: ರಿಂಗ್ ಪಾನಾ, ಸಾಕೆಟ್ ಸೆಟ್, ತಂತಿ ಬ್ರಷ್, ತುಕ್ಕು ಸಡಿಲಿಸುವ ಸ್ಪ್ರೇ, ಅಗಲ ಬಾಯಿಯ ಹಳೇ ಟಬ್, ಅಳತೆ ಇರುವ ಡಬ್ಬ, ಎರಡು ಮೀಟರ್ ಪ್ಲಾಸ್ಟಿಕ್ ಪೈಪು, ಆಲಿಕೆ, ಹೊಸ ವಾಷರ್‌ಗಳು, ಹಳೇ ಅರಿವಿ, ಕೈಗವಸು, ಕನ್ನಡಕ. ಕನ್ನಡಕ ಯಾಕಂದ್ರೆ ಮಲಗಿ ಮೇಲೆ ನೋಡುವಾಗ ತುಕ್ಕು, ಮಣ್ಣು ನೇರ ಕಣ್ಣಿಗೇ ಬೀಳುತ್ತೆ.

ಮೊದಲು ಗಾಡಿಯನ್ನು ಹತ್ತು ಹದಿನೈದು ನಿಮಿಷ ಓಡಿಸಿ ಬಂದೆವು. ಬೆಚ್ಚಗಾದ ಆಯಿಲ್ ಬೇಗ ಇಳಿಯುತ್ತೆ, ತಳದ ಪುಡಿಯನ್ನೂ ಜೊತೆಗೆ ಎಳೆದು ತರುತ್ತೆ. ತೀರಾ ದೂರ ಓಡಿಸಿ ಬಂದರೆ ಆಯಿಲ್ ಕೈ ಸುಡುತ್ತೆ. ಸೈಲೆನ್ಸರ್ ಪೈಪ್ ಹೇಗಿದ್ದರೂ ಸುಡುತ್ತೆ, ಅದರಿಂದ ದೂರ ಇರಿ.

ಗಾಡಿ ಸಮತಟ್ಟು ಜಾಗದಲ್ಲಿ ನಿಲ್ಲಬೇಕು. ಓರೆ ನಿಂತರೆ ಮಟ್ಟ ತಪ್ಪುತ್ತೆ. ಬೊಲೆರೊ ಎತ್ತರದ ಗಾಡಿ, ಜಾಕ್ ಇಲ್ಲದೇ ಕೆಳಗೆ ನುಸುಳಬಹುದು. ಹಾಗಾಗಿ ನಾವು ಜಾಕ್ ಮುಟ್ಟಲೇ ಇಲ್ಲ. ಎಂಜಿನ್ ಆಫ್, ಹ್ಯಾಂಡ್‌ಬ್ರೇಕ್, ಗಾಡಿ ಗೇರ್‌ನಲ್ಲಿ, ನಾಲ್ಕೂ ಚಕ್ರಕ್ಕೆ ಹಿಂದೆ ಮುಂದೆ ಕಲ್ಲು, ಕೀಲಿ ನಮ್ಮ ಜೇಬಿನಲ್ಲಿ. ನಿಮ್ಮ ಕಾರು ತಗ್ಗಿದ್ದು ಎತ್ತಲೇಬೇಕು ಅಂದ್ರೆ ನಾಲ್ಕು ಕಡೆ ಗಟ್ಟಿ ಸ್ಟ್ಯಾಂಡ್ ಕೊಟ್ಟು ಮಟ್ಟವಾಗಿ ಎತ್ತಿ. ಬರೀ ಜಾಕ್ ಮೇಲೆ, ಇಟ್ಟಿಗೆ ಮೇಲೆ ನಿಂತ ಗಾಡಿ ಕೆಳಗೆ ಯಾವತ್ತೂ ಹೋಗಬೇಡಿ. ಒಬ್ಬರೇ ಈ ಕೆಲಸ ಮಾಡಬೇಡಿ.

ನಾವು ಮಾಡಿದ ತಪ್ಪು

ಡಿಫರೆನ್ಷಿಯಲ್‌ನಲ್ಲಿ ಎರಡು ಪ್ಲಗ್ ಇರುತ್ತವೆ. ತಳದಲ್ಲಿ ಒಂದು, ಆಯಿಲ್ ಬಿಡಲು. ಪಕ್ಕದಲ್ಲಿ ಮೇಲೊಂದು, ತುಂಬಲು. ನಾವು ಹುರುಪಿನಲ್ಲಿ ನೇರ ತಳದ ಪ್ಲಗ್‌ಗೆ ಪಾನಾ ಹಾಕಿದೆವು. ಸಲೀಸಾಗಿ ಬಿಚ್ಚಿತು. ಕರ‍್ರನೆ ಆಯಿಲ್ ಟಬ್‌ಗೆ ಇಳಿಯಿತು. ಫೋಟೊ ತೆಗೆದದ್ದೂ ಆಯಿತು.

ಆಮೇಲೆ ತುಂಬುವ ಪ್ಲಗ್‌ಗೆ ಕೈ ಹಾಕಿದರೆ ಅಲುಗಾಡಲಿಲ್ಲ. ವರ್ಷಗಟ್ಟಲೆ ಯಾರೂ ಮುಟ್ಟಿರದ ಪ್ಲಗ್, ತುಕ್ಕು ಹಿಡಿದು ಕೂತಿತ್ತು. ರಿಂಗ್ ಪಾನಾ ಇಡಲು ಜಾಗ ಸಾಲದು ಅಂತ ನಮ್ಮಲ್ಲೊಬ್ಬ ತೆರೆದ ಬಾಯಿಯ ಪಾನಾ ಹಾಕಿ ಜೋರಾಗಿ ಎಳೆದ. ಪಾನಾ ಜಾರಿತು. ಪ್ಲಗ್‌ನ ಆರು ಮೂಲೆಗಳು ಸವೆದು ಗುಂಡಗಾದವು.

ಇದು ನಾವು ಓದಿದ ಸಂಗತಿಯೇ. ತೆರೆದ ಬಾಯಿಯ ಪಾನಾ ಎರಡೇ ಮಗ್ಗುಲು ಹಿಡಿಯುತ್ತೆ, ಪೂರ್ತಿ ಬಲ ಎರಡು ಮೂಲೆಗೆ. ಆರು ಮೂಲೆಯ ಸಾಕೆಟ್ ಆರಕ್ಕೂ ಬಲ ಹಂಚುತ್ತೆ. ಪರೀಕ್ಷೆಯಲ್ಲಿ ಬಂದಿದ್ದರೆ ಚಿತ್ರ ಸಮೇತ ಬರೀತಿದ್ದೆವು. ಅಂಗಳದಲ್ಲಿ ನೆನಪಾಗಲಿಲ್ಲ.

ಈಗ ಪರಿಸ್ಥಿತಿ ನೋಡಿ. ಹೌಸಿಂಗ್ ಖಾಲಿ. ತುಂಬಲು ದಾರಿ ಇಲ್ಲ. ಖಾಲಿ ಹೌಸಿಂಗ್‌ನಲ್ಲಿ ಗಾಡಿಯನ್ನು ಗ್ಯಾರೇಜ್‌ವರೆಗೂ ಓಡಿಸುವಂತಿಲ್ಲ. ಭಾನುವಾರ ಮಧ್ಯಾಹ್ನ. ಮರುದಿನ ಆರಕ್ಕೆ ಪೇಷಂಟ್ ಕಾಯ್ತಾ ಇರ್ತಾರೆ. ಕಾಕಾ ಬೈಯಲಿಲ್ಲ, ಸುಮ್ಮನೆ ಕಟ್ಟೆ ಮೇಲೆ ಕೂತರು. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು.

ಕೊನೆಗೆ ಕಾಕಾನೇ ಹೈವೇ ಕಡೆಯ ಒಬ್ಬ ಹಿರಿಯ ಉಸ್ತಾದರಿಗೆ ಫೋನ್ ಮಾಡಿದರು. ಅವರು ಸೈಕಲ್ ಮೇಲೆ ಒಂದು ಸುತ್ತಿಗೆ, ಒಂದು ಛೇಣಿ ಹಿಡಿದು ಬಂದರು. ಪ್ಲಗ್ ಸುತ್ತ ಸ್ಪ್ರೇ ಹೊಡೆದು ಚಹಾ ಕುಡಿಯೋವರೆಗೂ ಬಿಟ್ಟರು. ಆಮೇಲೆ ಪ್ಲಗ್‌ನ ತಲೆಗೆ ನೇರವಾಗಿ ಸುತ್ತಿಗೆಯಿಂದ ನಾಲ್ಕಾರು ಏಟು, ಥ್ರೆಡ್ಡಿನ ತುಕ್ಕು ಬಿರಿಯಲಿ ಅಂತ. ಬಳಿಕ ಪ್ಲಗ್‌ನ ಅಂಚಿಗೆ ಛೇಣಿಯನ್ನು ಓರೆಯಾಗಿ ಇಟ್ಟು, ಬಿಚ್ಚುವ ದಿಕ್ಕಿಗೆ ಹೊಡೆಯುತ್ತಾ ಹೋದರು. ಪ್ಲಗ್ ಕೂದಲೆಳೆಯಷ್ಟು ಸರಿಯಿತು, ಆಮೇಲೆ ಕೈಯಲ್ಲೇ ತಿರುಗಿತು.

“ಮೊದ್ಲು ತುಂಬೋ ಬಾಯಿ ತೆಗಿಬೇಕು, ಆಮ್ಯಾಲ ಬಿಡೋ ಬಾಯಿ. ಕಾಲೇಜಿನಾಗ ಇದು ಹೇಳಂಗಿಲ್ಲೇನ್ರೋ?” ಅಂತ ನಕ್ಕರು. ನಾವು ತಲೆ ತಗ್ಗಿಸಿದೆವು.

ಈ ಇಡೀ ಲೇಖನದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳೋದಾದರೆ ಅದನ್ನೇ ಇಟ್ಟುಕೊಳ್ಳಿ. ತುಂಬುವ ಪ್ಲಗ್ ಬಿಚ್ಚಿದೆ ಅಂತ ಖಾತ್ರಿಯಾದ ಮೇಲೆಯೇ ತಳದ ಪ್ಲಗ್ ಮುಟ್ಟಿ. ಅದು ಬಿಚ್ಚದಿದ್ದರೆ ಹಳೇ ಆಯಿಲ್ ಒಳಗೇ ಇರಲಿ, ಗಾಡಿ ಗ್ಯಾರೇಜ್‌ವರೆಗಾದರೂ ಹೋಗುತ್ತೆ. ಗೇರ್‌ಬಾಕ್ಸ್‌ಗೂ ಇದೇ ನಿಯಮ. ಡಿಫರೆನ್ಷಿಯಲ್‌ನಲ್ಲಿ ಪಾಠ ಕಲಿತ ಮೇಲೆ ಗೇರ್‌ಬಾಕ್ಸ್‌ನದನ್ನು ಸರಿಯಾದ ಕ್ರಮದಲ್ಲೇ ಬಿಚ್ಚಿದೆವು. ಸುತ್ತಲಿನ ಮಣ್ಣನ್ನು ಮೊದಲೇ ಬ್ರಷ್‌ನಿಂದ ತೆಗೆದು, ಸ್ಪ್ರೇ ಹೊಡೆದು, ಸರಿಯಾದ ಅಳತೆಯ ಸಾಕೆಟ್ ಹಾಕಿದರೆ ಸಾಕು, ಇಷ್ಟೆಲ್ಲ ರಂಪ ಆಗಲ್ಲ. ಕೆಲವು ಗಾಡಿಗಳ ಪ್ಲಗ್‌ಗೆ ಹೊರಗೆ ಆರು ಮೂಲೆ ಇರಲ್ಲ, ಒಳಗೆ ಚೌಕದ ಗುಣಿ ಇರುತ್ತೆ. ಹಿಂದಿನ ದಿನವೇ ಕೆಳಗೆ ಇಣುಕಿ ನೋಡಿ ಹತಾರ ಹೊಂದಿಸಿಕೊಳ್ಳಿ.

ಹಳೇ ಆಯಿಲ್ ಏನು ಹೇಳುತ್ತೆ?

ಹಳೇ ಆಯಿಲನ್ನು ಕೂಡಲೇ ಸುರಿದುಬಿಡಬೇಡಿ. ಡಾಕ್ಟರ್ ರಕ್ತ ಪರೀಕ್ಷೆ ಮಾಡಿಸಿದ ಹಾಗೆ, ಒಳಗಿನ ಸುದ್ದಿ ಅದರಲ್ಲಿದೆ.

ತಳದ ಪ್ಲಗ್‌ಗೆ ಎಷ್ಟೋ ಗಾಡಿಗಳಲ್ಲಿ ಆಯಸ್ಕಾಂತ ಇರುತ್ತೆ. ಅದಕ್ಕೆ ಬೂದು ಬಣ್ಣದ ನುಣ್ಣನೆಯ ಪೇಸ್ಟ್ ಮೆತ್ತಿದ್ದರೆ ಅದು ಸಹಜ ಸವೆತ. ಒರೆಸಿ ಹಾಕಿ. ಬೆರಳಿಗೆ ಚುಚ್ಚುವ ಚೂರು, ಹಲ್ಲಿನ ತುಣುಕು ಸಿಕ್ಕರೆ ಗೇರ್ ಅಥವಾ ಬೇರಿಂಗ್ ಒಡೀತಾ ಇದೆ ಅಂತ ಅರ್ಥ. ಹೊಸ ಆಯಿಲ್ ಹಾಕಿ ಮರೆತುಬಿಡುವ ವಿಷಯ ಅಲ್ಲ ಅದು. ಗೇರ್‌ಬಾಕ್ಸ್ ಆಯಿಲ್‌ನಲ್ಲಿ ಬಂಗಾರದ ಬಣ್ಣದ ಮಿನುಗು ಕಂಡರೆ ಸಿಂಕ್ರೊ ರಿಂಗ್‌ನ ಹಿತ್ತಾಳೆ. ಹಿತ್ತಾಳೆ ಆಯಸ್ಕಾಂತಕ್ಕೆ ಅಂಟಲ್ಲ, ಬಿಸಿಲಲ್ಲಿ ಟಬ್ ಅಲ್ಲಾಡಿಸಿ ನೋಡಬೇಕು. ಆಯಿಲ್ ಹಾಲಿನ ಚಹಾದಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ. ಮಳೆಗಾಲದಲ್ಲಿ ಹಳ್ಳ ದಾಟಿದ ಗಾಡಿಗಳಲ್ಲಿ ಹೀಗಾಗುತ್ತೆ: ಬಿಸಿಯಾದ ಹೌಸಿಂಗ್ ನೀರಿಗಿಳಿದು ತಣ್ಣಗಾದಾಗ ಒಳಗಿನ ಗಾಳಿ ಕುಗ್ಗಿ ಹೊರಗಿನ ನೀರನ್ನು ಎಳೆದುಕೊಳ್ಳುತ್ತೆ.

ಕಾಕಾರ ಗಾಡಿಯಲ್ಲಿ ಬೂದು ಪೇಸ್ಟ್ ಸ್ವಲ್ಪ ಹೆಚ್ಚೇ ಇತ್ತು, ಚೂರುಗಳಿರಲಿಲ್ಲ. ಆದರೆ ಅಳತೆ ಡಬ್ಬಕ್ಕೆ ಸುರಿದಾಗ ಆಯಿಲ್ ಪುಸ್ತಕದ ಲೆಕ್ಕಕ್ಕಿಂತ ಅರ್ಧ ಲೀಟರ್‌ಗೂ ಹೆಚ್ಚು ಕಡಿಮೆ ಇತ್ತು. ಎಲ್ಲಿ ಹೋಯಿತು?

ಉಸ್ತಾದರು ಹೌಸಿಂಗ್ ಮೇಲಿನ ಒಂದು ಸಣ್ಣ ಮೂತಿ ತೋರಿಸಿದರು. ಅದೇ ಬ್ರೀದರ್. ಗಾಡಿ ಓಡಿ ಬಿಸಿಯಾದಾಗ ಒಳಗಿನ ಗಾಳಿ ಹಿಗ್ಗಿ ಅಲ್ಲಿಂದ ಹೊರಗೆ ಹೋಗಬೇಕು. ಅದು ಮಣ್ಣಿನಿಂದ ಪೂರ್ತಿ ಮುಚ್ಚಿಹೋಗಿತ್ತು. ಗಾಳಿಗೆ ದಾರಿ ಇಲ್ಲದೆ ಒತ್ತಡ ಸೀಲ್‌ಗಳ ಮೇಲೆ ಬಿದ್ದು, ಪಿನಿಯನ್ ಸೀಲ್‌ನಿಂದ ಆಯಿಲ್ ಜಿನುಗಿತ್ತು. ಶಾಫ್ಟ್ ಕೂಡುವ ಜಾಗದಲ್ಲಿ ಎಣ್ಣೆ ಮೆತ್ತಿದ ಮಣ್ಣಿನ ಹೆಂಟೆಯೇ ಇತ್ತು. ನೆಲಕ್ಕೆ ಹನಿ ಬೀಳದ ಕಾರಣ ಯಾರಿಗೂ ಗೊತ್ತಾಗಿರಲಿಲ್ಲ. ಬ್ರೀದರ್ ಬಿಚ್ಚಿ ಡೀಸೆಲ್‌ನಲ್ಲಿ ತೊಳೆದು, ಊದಿ ನೋಡಿ, ಮತ್ತೆ ಹಾಕಿದೆವು.

ತುಂಬುವುದು

ಆಯಿಲ್ ಇಳಿಯಲು ಇಪ್ಪತ್ತು ನಿಮಿಷವಾದರೂ ಬಿಡಿ. ತಳದ ಪ್ಲಗ್‌ಗೆ ಹೊಸ ವಾಷರ್ ಹಾಕಿ ಬಿಗಿ ಮಾಡಿ. ತಾಮ್ರ ಅಥವಾ ಅಲ್ಯೂಮಿನಿಯಂ ವಾಷರ್ ಒಂದು ಸಲ ಒತ್ತಿ ಚಪ್ಪಟೆಯಾದರೆ ಎರಡನೇ ಸಲ ಸರಿಯಾಗಿ ಮುಚ್ಚಲ್ಲ. ಟಾರ್ಕ್ ರೆಂಚ್ ಇದ್ದರೆ ಪುಸ್ತಕದ ಅಂಕಿಗೆ ಬಿಗಿ ಮಾಡಿ. ಅಲ್ಯೂಮಿನಿಯಂ ಗೇರ್‌ಬಾಕ್ಸ್ ಆಗಿದ್ದರೆ ಜೋರು ತೋರಿಸಬೇಡಿ, ಥ್ರೆಡ್ ಕಿತ್ತು ಬಂದರೆ ಖರ್ಚು ದೊಡ್ಡದು. ಹಾಳಾದ ಪ್ಲಗ್ ಬದಲು ಹೊಸದನ್ನು ಉಸ್ತಾದರೇ ಪರಿಚಯದ ಅಂಗಡಿ ತೆಗೆಸಿ ಕೊಡಿಸಿದರು.

ತುಂಬುವ ರಂಧ್ರ ಪಕ್ಕಕ್ಕಿರುವ ಕಾರಣ ಡಬ್ಬ ಬಗ್ಗಿಸಿ ಸುರಿಯಲು ಬರಲ್ಲ. ಕೈ ಪಂಪ್ ಇದ್ದರೆ ಸುಲಭ. ನಮ್ಮ ಹತ್ತಿರ ಇರಲಿಲ್ಲ. ಪೈಪಿನ ಒಂದು ತುದಿ ರಂಧ್ರಕ್ಕೆ, ಇನ್ನೊಂದು ತುದಿಗೆ ಆಲಿಕೆ ಸಿಕ್ಕಿಸಿ ಒಬ್ಬ ಎತ್ತರಕ್ಕೆ ಹಿಡಿದ, ಒಬ್ಬ ಸುರಿದ, ಒಬ್ಬ ಕೆಳಗೆ ಮಲಗಿ ಕಾಯ್ದ. ಮಂದದ ಆಯಿಲ್ ನಿಧಾನ ಇಳಿಯುತ್ತೆ ಅಂತ ಡಬ್ಬಗಳನ್ನು ಬೆಳಗ್ಗೆಯಿಂದ ಬಿಸಿಲಿಗೆ ಇಟ್ಟಿದ್ದೆವು. ಅದೊಂದು ಕೆಲಸ ಮಾತ್ರ ಉಸ್ತಾದರು ಮೆಚ್ಚಿದರು. ಯಾವ ಡಬ್ಬ ಎಲ್ಲಿಗೆ ಅಂತ ಚಾಕ್‌ನಿಂದ ಬರೆದಿಟ್ಟುಕೊಳ್ಳಿ, ಕೈ ಎಣ್ಣೆಯಾದ ಮೇಲೆ ಗಡಿಬಿಡಿಯಲ್ಲಿ ಅದಲು ಬದಲಾಗುತ್ತೆ.

ಎಷ್ಟು ತುಂಬಬೇಕು? ಇಂಥ ಗಾಡಿಗಳಲ್ಲಿ ಸಾಮಾನ್ಯವಾಗಿ ರಂಧ್ರದ ಕೆಳ ಅಂಚೇ ಮಟ್ಟ. ಅಂಚಿನಿಂದ ಆಯಿಲ್ ಹೊರಗೆ ಹರಿಯಲು ಶುರುವಾದರೆ ನಿಲ್ಲಿಸಿ, ಹರಿಯೋದು ನಿಲ್ಲೋವರೆಗೂ ಕಾಯಿರಿ. ಕಿರುಬೆರಳು ಒಳಗೆ ಮಡಚಿ ನೋಡಿದರೆ ಅಂಚಿಗೇ ಆಯಿಲ್ ತಾಗಬೇಕು. ಹೆಚ್ಚಿದ್ದರೆ ಇನ್ನೂ ಒಳ್ಳೇದು ಅಂತ ಗಾಡಿಯನ್ನು ಓರೆ ಮಾಡಿ ತುಂಬಬೇಡಿ. ಹೆಚ್ಚಾದರೆ ನೊರೆ ಬರುತ್ತೆ, ಬಿಸಿ ಏರುತ್ತೆ, ಸೀಲ್‌ನಿಂದ ಹೊರಗೆ ತಳ್ಳುತ್ತೆ. ಕೊನೆಗೆ ತುಂಬುವ ಪ್ಲಗ್ ಹಾಕಿ, ಸುತ್ತ ಅರಿವಿಯಿಂದ ಒರೆಸಿ. ಒರೆಸಿದ ಜಾಗ ಒಣಗಿದ್ದರೆ ನಾಳೆ ಸೋರಿಕೆ ಗುರುತಿಸಲು ಸುಲಭ.

ಸಂಜೆ ಹುಮನಾಬಾದದಿಂದ ಸಸ್ತಾಪುರ ಬಂಗ್ಲಾವರೆಗೆ ಹೈವೇ ಮೇಲೆ ಹೋಗಿ ಬಂದೆವು. ಎಲ್ಲಾ ಗೇರ್ ಹಾಕಿ ನೋಡಿದೆವು. ಗೇರ್ ಮೊದಲಿಗಿಂತ ಮೆತ್ತಗೆ ಬೀಳ್ತಿತ್ತು. ಹಿಂದಿನ ‘ಊಂ’ ಸದ್ದು ಕಡಿಮೆಯಾಗಿತ್ತು, ಆದರೆ ಪೂರ್ತಿ ಹೋಗಿರಲಿಲ್ಲ.

“ಸವೆದಿದ್ದು ವಾಪಸ್ ಬರಂಗಿಲ್ಲ ತಮ್ಮಾ. ಆಯಿಲ್ ಅಂದ್ರ ಔಷಧ ಅಲ್ಲ, ಊಟ. ಟೈಮಿಗಿ ಹಾಕ್ಬೇಕಿತ್ತು” ಅಂದರು ಉಸ್ತಾದರು. ಸೋಲಾಪುರಕ್ಕೆ ಹೋಗಿ ಬರಲು ತೊಂದರೆ ಇಲ್ಲ, ಬಂದ ಮೇಲೆ ಮಟ್ಟ ನೋಡಿ, ಸೀಲ್ ಹಾಕಿಸಿ ಅಂತ ಕಾಕಾಗೆ ಹೇಳಿದರು. ಎಷ್ಟು ಬೇಡಿಕೊಂಡರೂ ನಮ್ಮ ಹತ್ತಿರ ದುಡ್ಡು ತಗೊಳ್ಳಲಿಲ್ಲ. ಇನ್ನೊಂದು ಚಹಾ ಕುಡಿದು ಹೋದರು.

ಹಳೇ ಆಯಿಲ್ ಎಲ್ಲಿ ಹಾಕಬೇಕು?

ಟಬ್‌ನಲ್ಲಿ ಉಳಿದ ಹಳೇ ಆಯಿಲ್ ನೋಡಿ ಅಕ್ಕಪಕ್ಕದವರು ಕೇಳಿದರು. ಒಬ್ಬರಿಗೆ ಬಾಗಿಲ ಚೌಕಟ್ಟಿಗೆ ಗೆದ್ದಲು ಬಾರದಂತೆ ಬಳಿಯಲು, ಇನ್ನೊಬ್ಬರಿಗೆ ಸೆಂಟ್ರಿಂಗ್ ಹಲಗೆಗೆ. ನಾವು ಕೊಡಲಿಲ್ಲ. ಬಳಸಿದ ಆಯಿಲ್‌ನಲ್ಲಿ ಲೋಹದ ಪುಡಿ, ಗಂಧಕದ ಸಂಯುಕ್ತಗಳಿರುತ್ತವೆ. ಕೇಂದ್ರ ಸರ್ಕಾರದ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಅಡಿಯಲ್ಲಿ ಬಳಸಿದ ಆಯಿಲ್ ಕೂಡ ಬರುತ್ತೆ. ಅದು ಸಂಸ್ಕರಣೆ ಮಾಡುವವರಿಗೇ ಹೋಗಬೇಕು. ಗಟಾರಕ್ಕೆ ಸುರಿದರೆ ಮುಂದೆ ಹಳ್ಳಕ್ಕೆ, ಕೆರೆಗೆ, ಬಾವಿಗೆ. ನಮ್ಮ ಕಲ್ಯಾಣದ ತ್ರಿಪುರಾಂತ ಕೆರೆ ದಂಡೆಯಲ್ಲಿ ಸಂಜೆ ಕೂರುವವರು ನಾವು, ಆ ನೀರಿನ ಮೇಲೆ ಎಣ್ಣೆಯ ಬಣ್ಣದ ಪದರ ತೇಲೋದು ನಮಗೆ ಬೇಡ. ಹೊಸ ಆಯಿಲ್‌ನ ಖಾಲಿ ಡಬ್ಬಕ್ಕೇ ಹಳೇದನ್ನು ಸುರಿದು, ಮುಚ್ಚಳ ಬಿಗಿದು, ಹಳೇ ಆಯಿಲ್ ಡ್ರಮ್‌ನಲ್ಲಿ ಕೂಡಿಟ್ಟು ಕಳಿಸುವ ಗ್ಯಾರೇಜ್‌ಗೆ ಕೊಟ್ಟೆವು. ನೀರು, ಡೀಸೆಲ್, ಬ್ರೇಕ್ ಆಯಿಲ್ ಅದಕ್ಕೆ ಬೆರೆಸಬೇಡಿ.

ಯಾವುದನ್ನು ಮನೆಯಲ್ಲಿ ಮಾಡಬಾರದು?

ಆಟೊಮ್ಯಾಟಿಕ್ ಗೇರ್‌ಬಾಕ್ಸ್, ಸಿವಿಟಿ ಇರುವ ಕಾರುಗಳನ್ನು ಈ ಲೇಖನ ನಂಬಿ ಬಿಚ್ಚಬೇಡಿ. ಅವುಗಳ ಫ್ಲೂಯಿಡ್ ಬೇರೆ. ಮಟ್ಟ ನೋಡಲು ಎಷ್ಟೋ ಕಾರುಗಳಲ್ಲಿ ನಿಗದಿತ ಉಷ್ಣಾಂಶ ಬೇಕು. ಥಾರ್, ಬೊಲೆರೊ ನಿಯೋದ ಕೆಲವು ಮಾದರಿಗಳಲ್ಲಿ ಲಾಕ್ ಆಗುವ ಡಿಫರೆನ್ಷಿಯಲ್ ಇದೆ, ಅದಕ್ಕೆ ಕಂಪನಿ ಹೇಳಿದ ಆಯಿಲ್ ಮಾತ್ರ. ವಾರಂಟಿ ಇರುವ ಗಾಡಿಯಾದರೆ ಮೊದಲು ವಾರಂಟಿ ಷರತ್ತು ಓದಿ. ಪ್ಲಗ್ ಬಿಚ್ಚುತ್ತಿಲ್ಲ ಅಂದ್ರೆ ಅಲ್ಲಿಗೇ ನಿಲ್ಲಿಸಿ, ತಿಳಿದವರನ್ನು ಕರೆಯಿರಿ. ನಾವು ಆ ಉಸ್ತಾದರನ್ನು ಒಂದು ಗಂಟೆ ಮೊದಲೇ ಕರೆದಿದ್ದರೆ ಒಂದು ಪ್ಲಗ್ ಉಳಿಯುತ್ತಿತ್ತು, ಕಾಕಾರ ಮಧ್ಯಾಹ್ನದ ಊಟವೂ ನೆಮ್ಮದಿಯಿಂದ ಆಗುತ್ತಿತ್ತು.

ಸೋಮವಾರ ಮುಂಜಾನೆ ಆರಕ್ಕೆ ಐದು ನಿಮಿಷ ಇರುವಾಗ ಕಾಕಾ ಹೌಸಿಂಗ್ ಕೆಳಗೆ ಟಾರ್ಚ್ ಹಾಕಿ ನೋಡಿದರು. ಒಣಗಿತ್ತು. ಪೇಷಂಟ್‌ನ್ನು ಕೂರಿಸಿಕೊಂಡು ಸಮಯಕ್ಕೆ ಸರಿಯಾಗಿ ಹೊರಟರು. ನಾವು ಅದೇ ಗಾಡಿಯಲ್ಲಿ ಬಂಗ್ಲಾವರೆಗೆ ಬಂದು ಇಳಿದು, ಅಲ್ಲಿಂದ ಕಲ್ಯಾಣಕ್ಕೆ ಬಂದು ಒಂಬತ್ತರ ಕ್ಲಾಸಿಗೆ ಕೂತೆವು. ಉಗುರಿನ ಸಂದಿಯ ಮಸಿ ಇನ್ನೂ ಹೋಗಿರಲಿಲ್ಲ. ಆ ವಾರವೇ ಕಾಕಾ ಪಿನಿಯನ್ ಸೀಲ್ ಹಾಕಿಸಿದರು. ಈಗ ಡ್ಯಾಶ್‌ಬೋರ್ಡ್‌ನಲ್ಲಿ ಒಂದು 40 ಪುಟದ ನೋಟ್‌ಬುಕ್ ಇಟ್ಟಿದ್ದಾರೆ. ಎಂಜಿನ್, ಗೇರ್‌ಬಾಕ್ಸ್, ಹೌಸಿಂಗ್ ಅಂತ ಮೂರು ಕಾಲಂ. ಯಾವ ಆಯಿಲ್, ಯಾವ ತಾರೀಖು, ಎಷ್ಟು ಕಿಲೋಮೀಟರ್. ಮೊದಲ ಸಾಲು ನಮ್ಮ ಕೈಬರಹದಲ್ಲಿದೆ.

ನಿಮ್ಮ ಮನೆಯಲ್ಲೂ ಒಂದು ಗಾಡಿ ಇದ್ದರೆ, ರಜೆಗೆ ಊರಿಗೆ ಹೋದಾಗ ಅಪ್ಪನನ್ನೋ ಅಣ್ಣನನ್ನೋ ಕೇಳಿ ನೋಡಿ: ಹಿಂದಿನ ಹೌಸಿಂಗ್ ಆಯಿಲ್ ಯಾವಾಗ ಬದಲಿ ಮಾಡ್ಸೀರಿ ಅಂತ. ನೆನಪಿಲ್ಲ ಅಂದ್ರೆ, ಮೊದಲು ತುಂಬುವ ಪ್ಲಗ್ ಎಲ್ಲಿದೆ ಅಂತ ಹುಡುಕಿ.